ಕಲೆ ಹಚ್ಚುವ ಕಲೆ

ಹೊಸ ಸ್ಕೂಟರಿನ ಮೇಲೆ ಮೊದಲ ಗೀರು ಬಿದ್ದ ದಿನವನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ. ಹೊಸ ಅಂಗಿಗೆ ಸಾರಿನ ಕಲೆಯಾದರೆ ಊಟದ ರುಚಿಯೇ ಕೆಡುತ್ತದೆ. ವಸ್ತುಗಳು ಹೊಸದಾಗಿಯೇ ಉಳಿಯಲಿ ಎಂದು ಬಯಸುವುದು ಮನುಷ್ಯ ಸ್ವಭಾವ. ಆದರೆ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದ ಹವ್ಯಾಸಿಗಳ ಗುಂಪೊಂದು ಜಗತ್ತಿನ ಅನೇಕ ದೇಶಗಳಲ್ಲಿದೆ. ಇವರು ನೂರಾರು ಚೂರುಗಳ ಪ್ಲಾಸ್ಟಿಕ್ ಟ್ಯಾಂಕ್ ಒಂದನ್ನು ವಾರಗಟ್ಟಲೆ ಕೂತು ಜೋಡಿಸುತ್ತಾರೆ. ಒಂದು ಬೆರಳಚ್ಚೂ ಕಾಣದಂತೆ ನುಣ್ಣಗೆ ಬಣ್ಣ ಹೊಡೆಯುತ್ತಾರೆ. ಅದು ಒಣಗಿದ ಮೇಲೆ, ಅಷ್ಟೇ ಶ್ರದ್ಧೆಯಿಂದ, ಅದನ್ನು ಕೆಡಿಸಲು ಕೂರುತ್ತಾರೆ! ತುಕ್ಕು ಹಿಡಿಸುತ್ತಾರೆ, ಬಣ್ಣ ಕೀಳುತ್ತಾರೆ, ಎಣ್ಣೆ ಸುರಿಸುತ್ತಾರೆ, ಕೊನೆಗೆ ಕೆಸರು ಮೆತ್ತುತ್ತಾರೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ವೆದರಿಂಗ್’ ಎಂದು ಹೆಸರು. ಬಿಸಿಲು, ಮಳೆ, ಗಾಳಿ, ಧೂಳುಗಳು ತಿಂಗಳುಗಟ್ಟಲೆ ಮಾಡುವ ಕೆಲಸವನ್ನು ಮೇಜಿನ ಮೇಲೆ ಕುಂಚದಿಂದ ಮಾಡಿ ತೋರಿಸುವುದು ಎಂದರ್ಥ. ಕನ್ನಡದಲ್ಲಿ ಹೇಳುವುದಾದರೆ ಇದು ಕಲೆ ಹಚ್ಚುವ ಕಲೆ. ಈ ಶಬ್ದದ ಎರಡೂ ಅರ್ಥಗಳು ಇಲ್ಲಿ ಒಂದೇ ಕಡೆ ಸೇರುತ್ತವೆ.

ಇಷ್ಟೆಲ್ಲ ಪಾಡು ಏಕೆ? ಕಾರಣ ಸರಳ. ಕಳಂಕವಿಲ್ಲದ ಟ್ಯಾಂಕ್ ಎಂಬುದು ಕಾರ್ಖಾನೆಯ ಅಂಗಳದಲ್ಲಿ ಮಾತ್ರ ಇರುತ್ತದೆ. ಅಲ್ಲಿಂದ ಹೊರಟು ರೈಲು ಹತ್ತಿ, ಇಳಿದು, ನಾಲ್ಕು ಮೈಲಿ ಓಡಿದರೆ ಅದರ ಮೈಮೇಲೆ ಊರಿನ ಮಣ್ಣು ಕೂತಿರುತ್ತದೆ. ಕಿಟ್ಟಿನ ಡಬ್ಬಿಯಿಂದ ಎದ್ದ ಮಾದರಿ ಆಕಾರದಲ್ಲಿ ಎಷ್ಟೇ ಕರಾರುವಾಕ್ಕಾಗಿದ್ದರೂ, ಈ ಮಣ್ಣಿಲ್ಲದಿದ್ದರೆ ಕಣ್ಣು ಅದನ್ನು ಆಟಿಕೆ ಎಂದೇ ಎಣಿಸುತ್ತದೆ.

ಮೂವತ್ತೈದರ ಲೆಕ್ಕ

ಟ್ಯಾಂಕ್ ಮಾದರಿಗಳ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:35. ಅಂದರೆ ನಿಜವಾದ ಟ್ಯಾಂಕಿನ 35ನೇ ಒಂದು ಭಾಗ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂಬುದೇ ಒಂದು ಸ್ವಾರಸ್ಯದ ಸಂಗತಿ. ಜಪಾನಿನ ಶಿಜುವೋಕಾ ನಗರದ ತಮಿಯಾ ಕಂಪೆನಿ ಹುಟ್ಟಿದ್ದು 1946ರಲ್ಲಿ, ಮರದ ವ್ಯಾಪಾರಕ್ಕಾಗಿ. ಮೊದಲು ಮರದ ಮಾದರಿಗಳನ್ನು ಮಾಡುತ್ತಿದ್ದ ಕಂಪೆನಿ 1960ರ ಹೊತ್ತಿಗೆ ಪ್ಲಾಸ್ಟಿಕ್ಕಿಗೆ ಬಂತು. 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಿತು. ಅದು ಮೋಟಾರಿನಿಂದ ಓಡುವ ಟ್ಯಾಂಕ್. ಹೊಟ್ಟೆಯೊಳಗೆ ಬ್ಯಾಟರಿ, ಮೋಟಾರು, ಗೇರುಗಳು ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ಅಗಲ ಕೊಟ್ಟು, ಆಮೇಲೆ ಅಳೆದು ನೋಡಿದರೆ ಅಳತೆ ಸುಮಾರು 1:35 ಆಗಿತ್ತು! ಮುಂದೆ ಬೇರೆ ಕಂಪೆನಿಗಳೂ ಅದನ್ನೇ ಅನುಸರಿಸಿದವು. ಹೀಗೆ ಬ್ಯಾಟರಿಯ ಗಾತ್ರ ಒಂದು ಹವ್ಯಾಸದ ಅಳತೆಗೋಲನ್ನೇ ನಿರ್ಧರಿಸಿಬಿಟ್ಟಿತು.

ಈ ಲೆಕ್ಕ ಬಣ್ಣಕ್ಕೂ ಅನ್ವಯಿಸುತ್ತದೆ. ಒಂದು ಅಡಿ ದೂರದಿಂದ ಮಾದರಿಯನ್ನು ನೋಡುವುದೆಂದರೆ, ನಿಜವಾದ ಟ್ಯಾಂಕನ್ನು 35 ಅಡಿ ದೂರದಿಂದ ನೋಡಿದಂತೆ. ದೂರದ ಬೆಟ್ಟ ತೆಳುನೀಲಿಯಾಗಿ ಕಾಣುವ ಹಾಗೆ, ದೂರ ಹೆಚ್ಚಿದಂತೆ ಬಣ್ಣಗಳ ಕಡುಪು ಇಳಿಯುತ್ತದೆ. ಆದ್ದರಿಂದ ಟ್ಯಾಂಕಿಗೆ ಹಚ್ಚಿದ ಅಸಲಿ ಬಣ್ಣವನ್ನೇ ತಂದು ಮಾದರಿಗೆ ಬಳಿದರೂ ಅದು ಕಪ್ಪಗೆ, ಭಾರವಾಗಿ ಕಾಣುತ್ತದೆ. ಅನುಭವಸ್ಥರು ಅದಕ್ಕೆ ಒಂದಿಷ್ಟು ತೆಳುಬಣ್ಣ ಬೆರೆಸಿಕೊಳ್ಳುತ್ತಾರೆ.

ಗೀರಿನ ವಿಷಯದಲ್ಲಂತೂ ಈ ಲೆಕ್ಕ ತಪ್ಪಿದರೆ ಕೆಲಸವೇ ಕೆಟ್ಟಂತೆ. ನಿಜವಾದ ಟ್ಯಾಂಕಿನ ಮೇಲೆ ಒಂದು ಸೆಂಟಿಮೀಟರ್ ಅಗಲದ ಬಣ್ಣ ಎದ್ದಿದ್ದರೆ ಮಾದರಿಯಲ್ಲಿ ಅದು 0.3 ಮಿಲಿಮೀಟರಿಗೂ ಕಡಿಮೆ. ಕೈತಪ್ಪಿ ಎರಡು ಮಿಲಿಮೀಟರಿನ ಚುಕ್ಕೆ ಇಟ್ಟರೆ, ಏಳು ಸೆಂಟಿಮೀಟರ್ ಅಗಲದ ಬಣ್ಣ ಎದ್ದುಹೋಗಿದೆ ಎಂದು ಹೇಳಿದ ಹಾಗಾಯಿತು.

ಕೊಳೆಗೂ ಒಂದು ಕ್ರಮ

ಕೆಸರು ಮೆತ್ತುವುದಕ್ಕೆ ಕ್ರಮವೇನು ಬೇಕು ಎಂದು ಕೇಳಬಹುದು. ಆದರೆ ಈ ಕೆಲಸದ ಅರ್ಧ ಗುಟ್ಟು ಇರುವುದೇ ಕ್ರಮದಲ್ಲಿ. ಒಂದು ಪದರದ ಮೇಲೆ ಇನ್ನೊಂದು ಪದರ ಹಾಕುವಾಗ ಮೇಲಿನದು ಕೆಳಗಿನದನ್ನು ಕರಗಿಸಬಾರದು. ಆದಕಾರಣ ಅನೇಕರು ಮೊದಲ ಬಣ್ಣಕ್ಕೆ ಆಕ್ರಿಲಿಕ್ ಬಳಸುತ್ತಾರೆ. ಇದು ಒಣಗಿ ಗಟ್ಟಿಯಾದ ಮೇಲೆ ವೈಟ್ ಸ್ಪಿರಿಟ್ ಅದನ್ನು ಅಷ್ಟು ಬೇಗ ಮುಟ್ಟುವುದಿಲ್ಲ. ಅನಂತರದ ಕೊಳೆಗೆಲ್ಲ ಎನಾಮಲ್ ಅಥವಾ ಚಿತ್ರಕಾರರ ತೈಲವರ್ಣ. ಇವನ್ನು ವೈಟ್ ಸ್ಪಿರಿಟ್ಟಿನಲ್ಲಿ ತೆಳುಮಾಡಬಹುದು. ಸರಿಬರದಿದ್ದರೆ ಅದರಿಂದಲೇ ಒರೆಸಿಯೂ ಹಾಕಬಹುದು. ನಡುವೆ ವಾರ್ನಿಷಿನ ಒಂದು ಪದರ ಕಾವಲಿಗೆ.

ಮೊದಲ ಹೆಜ್ಜೆ ‘ವಾಶ್’. ಕಡುಗಂದು ತೈಲವರ್ಣವನ್ನು ನೀರಿನಷ್ಟು ತೆಳ್ಳಗೆ ಕಲಸಿ, ಸಣ್ಣ ಕುಂಚದ ತುದಿಯಿಂದ ಒಂದು ತಿರುಪಿನ ಬುಡಕ್ಕೋ, ಎರಡು ತಗಡು ಕೂಡುವ ಸಂದಿಗೋ ಮುಟ್ಟಿಸಿದರೆ ಸಾಕು. ಬಣ್ಣ ತಾನಾಗಿ ಸಂದಿಯುದ್ದಕ್ಕೂ ಹರಿದುಹೋಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವುದೂ ಇದೇ ಗುಣದಿಂದ. ಕೆಳಗಿನ ಪದರ ನುಣುಪಾಗಿದ್ದರೆ ಹರಿವು ಸಲೀಸು. ಅದಕ್ಕೇ ಮೊದಲು ಹೊಳೆಯುವ ವಾರ್ನಿಷ್ ಹೊಡೆದಿರುತ್ತಾರೆ. ಬಿಸಿಲಿನ ನೆರಳು ಇಷ್ಟು ಚಿಕ್ಕ ವಸ್ತುವಿನ ಮೇಲೆ ಸಾಕಷ್ಟು ಬೀಳುವುದಿಲ್ಲ. ಆ ನೆರಳನ್ನು ಬಣ್ಣದಿಂದ ತುಂಬಿಕೊಡುವುದೇ ವಾಶಿನ ಕೆಲಸ.

ಇದಕ್ಕೆ ಜೊತೆಯಾದದ್ದು ‘ಡ್ರೈ ಬ್ರಷಿಂಗ್’. ತೆಳುಬಣ್ಣದಲ್ಲಿ ಕುಂಚ ಅದ್ದಿ, ಬಟ್ಟೆಯ ಮೇಲೆ ಹೆಚ್ಚುಕಡಿಮೆ ಪೂರ್ತಿ ಒರೆಸಿ, ಉಳಿದ ಪಸೆಯನ್ನು ಅಂಚುಗಳ ಮೇಲೆ ಸವರುವುದು. ಉಬ್ಬಿದ ಭಾಗಗಳು ಮಾತ್ರ ಬಣ್ಣ ಹಿಡಿಯುತ್ತವೆ. ತಗ್ಗಿಗೆ ವಾಶ್, ಉಬ್ಬಿಗೆ ಒಣಕುಂಚ.

ಮುಂದೆ ಬಣ್ಣ ಮಾಸುವುದು. ಬಿಳಿ, ಹಳದಿ, ನೀಲಿ, ಕಂದು ತೈಲವರ್ಣಗಳ ಪುಟ್ಟ ಚುಕ್ಕೆಗಳನ್ನು ಅಲ್ಲಲ್ಲಿ ಇಟ್ಟು, ಸ್ಪಿರಿಟ್ಟಿನಲ್ಲಿ ತೇವ ಮಾಡಿದ ಕುಂಚದಿಂದ ಕೆಳಮುಖವಾಗಿ ಎಳೆಯುತ್ತಾರೆ. ಚುಕ್ಕೆಗಳು ಮಾಯವಾಗಿ ಮೈಬಣ್ಣ ಮಾತ್ರ ಒಂದೊಂದು ಕಡೆ ಒಂದೊಂದು ಛಾಯೆ ಪಡೆಯುತ್ತದೆ. ಎಳೆತ ಕೆಳಮುಖವಾಗಿಯೇ ಇರಬೇಕು, ಏಕೆಂದರೆ ಮಳೆನೀರು ಇಳಿಯುವುದು ಕೆಳಕ್ಕೆ.

ಬಣ್ಣ ಕೀಳುವುದಕ್ಕೆ ಒಂದು ಮೋಜಿನ ಉಪಾಯ ಈ ಶತಮಾನದ ಮೊದಲ ದಶಕದಲ್ಲಿ ಜನಪ್ರಿಯವಾಯಿತು. ಅದಕ್ಕೆ ಬೇಕಾದದ್ದು ತಲೆಗೂದಲಿಗೆ ಹೊಡೆಯುವ ಹೇರ್‌ಸ್ಪ್ರೇ! ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಟ್ಯಾಂಕಿನ ಹೊರಬಣ್ಣ. ಒಣಗಿದ ಮೇಲೆ ಒದ್ದೆ ಕುಂಚದಿಂದ ತಿಕ್ಕಿದರೆ ನೀರು ಒಳಗಿಳಿದು ಹೇರ್‌ಸ್ಪ್ರೇ ಸಡಿಲಾಗುತ್ತದೆ. ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಇಲ್ಲಿ ಬಣ್ಣ ಎದ್ದಂತೆ ಚಿತ್ರ ಬರೆದದ್ದಲ್ಲ, ಬಣ್ಣ ನಿಜಕ್ಕೂ ಎದ್ದದ್ದು. ಎರಡನೇ ಮಹಾಯುದ್ಧದ ಪೂರ್ವ ರಂಗದಲ್ಲಿ, ಹಿಮದಲ್ಲಿ ಕಾಣದಿರಲೆಂದು ಸೈನಿಕರು ಟ್ಯಾಂಕುಗಳಿಗೆ ಸುಣ್ಣದಂಥ ಬಿಳಿಬಣ್ಣ ಬಳಿಯುತ್ತಿದ್ದರು. ಮನೆಯ ಗೋಡೆಯ ಸುಣ್ಣ ಮಳೆಗಾಲ ಕಳೆದಾಗ ಹೇಗೆ ಕಾಣುತ್ತದೆಂದು ನಮಗೆ ಗೊತ್ತು. ಆ ಮಾಸಿದ ಬಿಳುಪನ್ನು ತರಲು ಹೇರ್‌ಸ್ಪ್ರೇಗಿಂತ ಒಳ್ಳೆಯ ದಾರಿ ಇಲ್ಲವೆಂದು ಬಲ್ಲವರ ಮಾತು.

ಕೊನೆಯದು ಮಣ್ಣು. ಬಣ್ಣದ ಪುಡಿಗೆ ಪ್ಲಾಸ್ಟರ್, ಜರಡಿ ಹಿಡಿದ ಮಣ್ಣು, ಹುಲ್ಲಿನ ಎಳೆ ಬೆರೆಸಿ ಕೆಳಭಾಗಕ್ಕೆ ಹಚ್ಚುತ್ತಾರೆ. ನೆಲಕ್ಕೆ ಉಜ್ಜುವ ಪಟ್ಟಿಗಳ ಅಂಚಿಗೆ ಪೆನ್ಸಿಲ್ಲಿನ ಸೀಸದ ಪುಡಿ ತಿಕ್ಕಿದರೆ ಉಕ್ಕಿನ ಹೊಳಪು ಬರುತ್ತದೆ. ಸ್ಪಿರಿಟ್ಟಿನ ಆವಿಯೂ ಬಣ್ಣದ ಪುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು, ಮೂಗಿಗೆ ಮುಸುಕು ಕಟ್ಟಿಕೊಂಡು ಮಾಡಬೇಕಾದ ಕೆಲಸವಿದು.

ಪ್ರತಿ ಕಲೆಗೂ ಒಂದು ಕಾರಣ

ಇಷ್ಟು ಕೈಚಳಕ ಅಭ್ಯಾಸದಿಂದ ಯಾರಿಗಾದರೂ ಬರುತ್ತದೆ. ಕಷ್ಟವಿರುವುದು ಬೇರೆ ಕಡೆ. ಎಲ್ಲಿ ಹಚ್ಚಬೇಕು, ಏಕೆ ಹಚ್ಚಬೇಕು ಎಂಬಲ್ಲಿ.

ತುಕ್ಕನ್ನೇ ನೋಡಿ. ಹೊಸಬರು ಟ್ಯಾಂಕ್ ಎಂದೊಡನೆ ಮೈತುಂಬ ತುಕ್ಕು ಹಚ್ಚುತ್ತಾರೆ. ಆದರೆ ಘೋರ ಕಾಳಗಗಳ ನಡುವೆ ಸಿಕ್ಕಿದ ಎಷ್ಟೋ ಟ್ಯಾಂಕುಗಳು ಕೆಲವೇ ತಿಂಗಳು ಬಾಳಿದವು. ದಪ್ಪ ಉಕ್ಕಿನ ಕವಚ ಅಷ್ಟರಲ್ಲಿ ಕೊಳೆತು ಚಕ್ಕೆ ಏಳುವುದಿಲ್ಲ. ಹೊಗೆ ಕಾರುವ ಕೊಳವೆಯ ಮಾತು ಬೇರೆ. ಅಲ್ಲಿ ಕಾವಿಗೆ ಬಣ್ಣ ಸುಟ್ಟುಹೋಗಿ ಬರಿಯ ಲೋಹ ಮಳೆಗೆ ಒಡ್ಡಿಕೊಳ್ಳುತ್ತದೆ. ಅಲ್ಲಿ ತುಕ್ಕು ಸಹಜ. ಉಕ್ಕಿನ ಪಟ್ಟಿಗಳ ಮೇಲೆ ಒಂದು ರಾತ್ರಿಯ ಇಬ್ಬನಿಗೇ ಕಿತ್ತಳೆ ಬಣ್ಣ ಮೂಡಬಹುದು. ಆದರೆ ನೆಲ ಮುಟ್ಟುವ ಭಾಗ ಬೆಳಿಗ್ಗೆ ನಾಲ್ಕು ಮಾರು ಓಡುವಷ್ಟರಲ್ಲಿ ಉಜ್ಜಿ ಹೊಳೆಯುತ್ತದೆ. ಅಮೆರಿಕದ ಎಂ-113 ಕವಚವಾಹನದ ಮೈ ಅಲ್ಯುಮಿನಿಯಂನದು. ಅದರ ಕವಚದ ಮೇಲೆ ಕೆಂಪು ತುಕ್ಕು ಹಚ್ಚಿದವನ ಕೈ ಎಷ್ಟೇ ಪಳಗಿದ್ದರೂ, ಹಚ್ಚಿದ್ದು ಸುಳ್ಳು.

ಧೂಳಿಗೂ ಹೀಗೆಯೇ. ಸಮತಟ್ಟಾದ ಮೇಲ್ಭಾಗದಲ್ಲಿ ಧೂಳು ಕೂರುತ್ತದೆ. ಆದರೆ ಸಿಬ್ಬಂದಿ ಕಾಲಿಡುವ ಕಡೆ ಅದು ತುಳಿತಕ್ಕೆ ಹಾರಿಹೋಗಿ ಬಣ್ಣ ಸವೆದಿರುತ್ತದೆ. ಒಣಗಿದ ಕೆಸರು ತೆಳುಬಣ್ಣ, ಹಸಿಕೆಸರು ಕಡುಬಣ್ಣ, ಜೊತೆಗೆ ಹೊಳಪು. ಹಳೆಯದರ ಮೇಲೆ ಹೊಸದು ಎಲ್ಲಿ ಸಿಡಿದಿದೆ ಎಂಬುದರಿಂದ ಈ ಬಂಡಿ ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿಂದ ಬಂತು ಎಂದು ಊಹಿಸಬಹುದು. ಆಫ್ರಿಕದ ಮರುಭೂಮಿಯ ಟ್ಯಾಂಕಿಗೆ ಉಕ್ರೇನಿನ ಕರಿಮಣ್ಣು ಮೆತ್ತಿದರೆ ಅದು ಭೂಗೋಳದ ತಪ್ಪಾಗುತ್ತದೆ.

ಇದನ್ನು ಕಲಿಯಲು ಯುದ್ಧಭೂಮಿಗೇ ಹೋಗಬೇಕಾಗಿಲ್ಲ. ಬಳ್ಳಾರಿ–ಹೊಸಪೇಟೆ ಸೀಮೆಯಲ್ಲಿ ಅದಿರು ಹೊತ್ತ ಲಾರಿಯನ್ನು ಒಮ್ಮೆ ನಿಂತು ನೋಡಿ. ಕೆಂಪು ಧೂಳು ಎಲ್ಲೆಲ್ಲಿ ಕೂತಿದೆ, ಚಾಲಕನ ಕೈ ತಾಗುವ ಬಾಗಿಲ ಹಿಡಿಯ ಸುತ್ತ ಹೇಗೆ ಅಳಿಸಿದೆ, ಗಾಲಿಯ ಹಿಂದೆ ಹೇಗೆ ಬೀಸಣಿಗೆಯಂತೆ ಹರಡಿದೆ? ಧಾರವಾಡದ ಎರೆಮಣ್ಣಿನ ಹೊಲದಿಂದ ಮಳೆಗಾಲದಲ್ಲಿ ಹೊರಬಂದ ಟ್ರ್ಯಾಕ್ಟರಿನ ಗಾಲಿಗೆ ಮಣ್ಣು ಹೇಗೆ ಹೆಂಟೆಹೆಂಟೆಯಾಗಿ ಅಂಟಿದೆ? ಕೊಳೆಯ ವ್ಯಾಕರಣ ಎಲ್ಲ ಬಂಡಿಗಳಿಗೂ ಒಂದೇ.

ಕೆಸರು ಸೇರಿಕೊಂಡ ಕಾಳಗ

ಕೆಸರೆಂದರೆ ಅಲಂಕಾರವಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಡೆದ ಟ್ಯಾಂಕ್ ಕಾಳಗವದು. ಪಾಕಿಸ್ತಾನದ ಬಳಿ ಅಮೆರಿಕ ಕೊಟ್ಟ ಪ್ಯಾಟನ್ ಟ್ಯಾಂಕುಗಳಿದ್ದವು. ಒಂದೊಂದರ ತೂಕ 45 ಟನ್ನಿನ ಆಸುಪಾಸು. ಭಾರತದ ಪಡೆಗಳು ಕುದುರೆ ಲಾಳದ ಆಕಾರದಲ್ಲಿ ಕಬ್ಬಿನ ಗದ್ದೆಗಳ ಮರೆಯಲ್ಲಿ ಕಾದು ಕೂತವು. ಗದ್ದೆಗಳಿಗೆ ನೀರು ಹಾಯಿಸಲಾಯಿತು. ನೆನೆದ ನೆಲದಲ್ಲಿ ಪ್ಯಾಟನ್ನುಗಳ ಓಟ ಕುಂಟಿತು, ಹಲವು ಹೂತು ನಿಂತವು. ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಟ್ಯಾಂಕುಗಳನ್ನು ಎದುರಿಸಿ ಮಡಿದ ಅಬ್ದುಲ್ ಹಮೀದ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಕೈವಶವಾದ ಹತ್ತಾರು ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ‘ಪ್ಯಾಟನ್ ನಗರ’ ಎಂಬ ಹೆಸರೇ ಬಿತ್ತು.

ಈಗ ಯಾರಾದರೂ ಅಸಲ್ ಉತ್ತರ್‌ನ ಪ್ಯಾಟನ್ನಿನ ಮಾದರಿ ಮಾಡಿ, ಅದನ್ನು ಒಣ ನೆಲದ ಮೇಲೆ ಶುಭ್ರವಾಗಿ ನಿಲ್ಲಿಸಿದರೆ ಏನಾಯಿತು? ತಿರುಪುಮೊಳೆಯ ಲೆಕ್ಕ ಸರಿಯಿದ್ದರೂ ಇತಿಹಾಸದ ಲೆಕ್ಕ ತಪ್ಪಿತು. ಆ ಕಾಳಗದಲ್ಲಿ ನೆಲವೂ ಒಂದು ಪಕ್ಷ ವಹಿಸಿತ್ತು. ಪಟ್ಟಿಗಳ ನಡುವೆ ತುರುಕಿಕೊಂಡ ಹಸಿಮಣ್ಣು, ಅದರಲ್ಲಿ ಸಿಕ್ಕ ಕಬ್ಬಿನ ಗರಿ, ಇವು ಆ ಕಥೆಯ ಮುಖ್ಯ ಪಾತ್ರಗಳು.

ನಿಜವಾದ ಟ್ಯಾಂಕುಗಳಿಗೆ ಈ ಭಾಗ್ಯವಿಲ್ಲ ಎಂಬುದು ವಿಪರ್ಯಾಸ. ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ, ಅಂದರೆ ಹಿಂದಿನ ಅಹಮದ್‌ನಗರದಲ್ಲಿ, 1994ರಲ್ಲಿ ಆರಂಭವಾದ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ ನಾನಾ ದೇಶಗಳ ಟ್ಯಾಂಕುಗಳನ್ನು ನೋಡಬಹುದು. ಬಯಲಲ್ಲಿ ನಿಂತ ಉಕ್ಕನ್ನು ಕಾಪಾಡಬೇಕಾದರೆ ಮತ್ತೆ ಮತ್ತೆ ಬಣ್ಣ ಹೊಡೆಯಲೇಬೇಕು. ಹಾಗೆ ಹೊಡೆದಾಗ ಯುದ್ಧದ ಕೊಳೆಯೆಲ್ಲ ಅಡಗಿಹೋಗುತ್ತದೆ. ಯುದ್ಧ ಕಂಡ ಟ್ಯಾಂಕ್ ಆಟಿಕೆಯಂತೆ ಹೊಳೆಯುತ್ತದೆ. ಯುದ್ಧ ಕಾಣದ ಆಟಿಕೆ, ಬಲ್ಲವರ ಕೈಯಲ್ಲಿ, ಯುದ್ಧದ ಗುರುತು ಹೊರುತ್ತದೆ.

ಬದಲಾದ ಅಭಿರುಚಿ

ಈ ಕಲೆಗೆ ಅದರದೇ ಆದ ಗುರುಪರಂಪರೆಯಿದೆ. ಅಮೆರಿಕದ ಶೆಪರ್ಡ್ ಪೇನ್ (1946–2015) 1970ರ ದಶಕದಲ್ಲಿ ಮಾನೋಗ್ರಾಂ ಕಂಪೆನಿಯ ಕಿಟ್ಟುಗಳಿಗಾಗಿ ಮಾಡಿದ ಪುಟ್ಟ ದೃಶ್ಯಗಳು, ಡಬ್ಬಿಯೊಳಗಿನ ಬಣ್ಣದ ಹಾಳೆಗಳ ಮೂಲಕ ಹುಡುಗರ ಕೈಸೇರಿದವು. ಟ್ಯಾಂಕೊಂದನ್ನು ಮಾಡಿದರೆ ಸಾಲದು, ಅದು ಕಥೆ ಹೇಳಬೇಕು ಎಂಬುದು ಅವರ ಪಾಠದ ತಿರುಳು. ಬೆಲ್ಜಿಯಂನ ಫ್ರಾನ್ಸ್ವಾ ವರ್ಲಿಂಡನ್ ವಾಶ್ ಮತ್ತು ಒಣಕುಂಚದ ಜೋಡಿಯನ್ನು 1980ರ ದಶಕದಲ್ಲಿ ಮನೆಮಾತಾಗಿಸಿದರು. ಅನಂತರ ಸ್ಪೇನಿನವರ ಕಾಲ ಬಂತು. ಮಿಗ್ ಹಿಮೆನೆಜ್ ಮತ್ತು ಅವರ ಜೊತೆಗಾರರು ಬಣ್ಣದ ಪುಡಿ, ತೈಲವರ್ಣಗಳ ಬಳಕೆಯನ್ನು ಬೆಳೆಸಿದರು. ಒಂದೇ ಬಣ್ಣವನ್ನು ಮೇಲ್ಗಡೆ ತೆಳುವಾಗಿ, ಕೆಳಗಡೆ ಗಾಢವಾಗಿ ಹೊಡೆದು ಬೆಳಕಿನ ಭ್ರಮೆ ಹುಟ್ಟಿಸುವ ರೀತಿಯೂ ಈ ಶತಮಾನದ ಆರಂಭದಲ್ಲಿ ಹರಡಿತು. ಮೊದಲು ಮನೆಯಲ್ಲೇ ಕಲಸಿಕೊಳ್ಳುತ್ತಿದ್ದ ತುಕ್ಕು, ಕೆಸರುಗಳು ಈಗ ಸೀಸೆಗಳಲ್ಲಿ ಮಾರಾಟಕ್ಕಿವೆ.

ಜಗಳವೂ ಇಲ್ಲಿಂದಲೇ. ಒಂದು ಪಕ್ಷ ಹೇಳುತ್ತದೆ: ಇದು ಚಿತ್ರಕಲೆ, ನಿಜಕ್ಕಿಂತ ಒಂದಿಷ್ಟು ಹೆಚ್ಚಿದ್ದರೆ ತಪ್ಪೇನು? ಬಯಲಾಟದ ವೇಷಧಾರಿ ದೂರದವರಿಗೆ ಕಾಣಲೆಂದು ಮುಖವರ್ಣಿಕೆ ದಟ್ಟವಾಗಿ ಮಾಡಿಕೊಳ್ಳುವುದಿಲ್ಲವೇ? ಇನ್ನೊಂದು ಪಕ್ಷದ ಉತ್ತರ: ಹಳೆಯ ಛಾಯಾಚಿತ್ರ ತೆಗೆದು ನೋಡಿ, ಯಾವ ಟ್ಯಾಂಕೂ ಹೀಗೆ ಮೈತುಂಬ ಚಕ್ಕೆ ಎದ್ದು ನಿಂತಿರಲಿಲ್ಲ. ಎರಡು ಮಾತಿನಲ್ಲೂ ಹುರುಳಿದೆ. ಆದರೆ ಸೀಸೆಯಲ್ಲಿ ಇದೆಯೆಂಬ ಕಾರಣಕ್ಕೆ ಹಚ್ಚಿದ ತುಕ್ಕಿಗೂ, ಇಲ್ಲಿ ಹೀಗಾಗಿರಲೇಬೇಕು ಎಂದು ಯೋಚಿಸಿ ಹಚ್ಚಿದ ತುಕ್ಕಿಗೂ ಇರುವ ಅಂತರ ನೋಡುವ ಕಣ್ಣಿಗೆ ತಿಳಿದೇ ತಿಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು?

ಇನ್ನೊಂದು ಗಂಭೀರ ಪ್ರಶ್ನೆಯಿದೆ. ಟ್ಯಾಂಕ್ ಕೊಲ್ಲುವ ಯಂತ್ರ. ಅದನ್ನು ಇಷ್ಟು ಅಂದವಾಗಿ ಮಾಡುವುದು ಯುದ್ಧದ ವೈಭವೀಕರಣವಾಗುವುದಿಲ್ಲವೇ? ಅದರಲ್ಲೂ ಈ ಹವ್ಯಾಸದಲ್ಲಿ ಹಿಟ್ಲರನ ಜರ್ಮನಿಯ ಟ್ಯಾಂಕುಗಳಿಗೇ ಬಹಳ ಬೇಡಿಕೆ. ಈ ಅನುಮಾನವನ್ನು ಸುಲಭವಾಗಿ ತಳ್ಳಿಹಾಕಲು ಬಾರದು. ಆದರೆ ಪ್ರಾಮಾಣಿಕವಾಗಿ ಹಚ್ಚಿದ ಕೊಳೆಯೇ ಇದಕ್ಕೆ ಕೊಂಚ ಮಟ್ಟಿಗೆ ಉತ್ತರವೂ ಹೌದು. ಹೊಳೆಯುವ ಟ್ಯಾಂಕ್ ಶಕ್ತಿಯನ್ನಷ್ಟೇ ತೋರಿಸುತ್ತದೆ. ಸವೆದ ಟ್ಯಾಂಕ್ ಅದರೊಳಗಿದ್ದವರನ್ನು ನೆನಪಿಸುತ್ತದೆ.

ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ ‘ಟೈಗರ್ 131’ ಎಂಬ ಜರ್ಮನ್ ಟ್ಯಾಂಕಿದೆ. 1943ರ ಏಪ್ರಿಲಿನಲ್ಲಿ ಟ್ಯುನೀಸಿಯದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು. ಬ್ರಿಟಿಷ್ ಗುಂಡೊಂದು ಗೋಪುರ ತಿರುಗದಂತೆ ಮಾಡಿತ್ತು. ಒಳಗಿದ್ದವರು ಬಿಟ್ಟು ಓಡಿದರು. 57 ಟನ್ ತೂಕದ ಈ ಯಂತ್ರವನ್ನು ಈಗ ದುರಸ್ತಿ ಮಾಡಿ ಓಡುವ ಸ್ಥಿತಿಯಲ್ಲಿಟ್ಟಿದ್ದಾರೆ, ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಆದರೆ ಗುಂಡು ತಾಗಿದ ಗಾಯಗಳನ್ನು ಮುಚ್ಚಿಲ್ಲ. ಆ ಗಾಯಗಳನ್ನು ತುಂಬಿ ನುಣ್ಣಗೆ ಮಾಡಿದ್ದರೆ ಈ ಟ್ಯಾಂಕ್ ಏಕೆ ಅಲ್ಲಿದೆ ಎಂಬುದೇ ಮರೆತುಹೋಗುತ್ತಿತ್ತು.

1:35ರ ಅಳತೆಯಲ್ಲಿ ಆ ಟ್ಯಾಂಕಿನ ಮೈ ಒಂದು ಗೇಣಿಗಿಂತ ಕೊಂಚ ಕಡಿಮೆ, ಸುಮಾರು 18 ಸೆಂಟಿಮೀಟರ್. ಅದರ ಒಳಗೆ ಕೂರುತ್ತಿದ್ದವರು ಐವರು. ಮೇಲಿನ ಮುಚ್ಚಳದ ಅಂಚಿನಲ್ಲಿ, ಬಲ್ಲ ಮಾದರಿಕಾರ ಬಣ್ಣವನ್ನು ಒಂದಿಷ್ಟು ಸವೆಸಿ, ಪೆನ್ಸಿಲ್ ಪುಡಿಯಿಂದ ಲೋಹದ ಹೊಳಪು ಕೊಟ್ಟಿರುತ್ತಾನೆ. ಹತ್ತಿ ಇಳಿಯುವಾಗ ಅವರು ಕೈಯಿಟ್ಟ ಜಾಗ ಅದು. ಅಷ್ಟು ಕಾಣಿಸಿದರೆ ಕುಂಚ ಕೆಳಗಿಡಬಹುದು.